ಹಸುಗಳಲ್ಲಿ ಭ್ರೂಣ ವರ್ಗಾವಣೆಯೂ ಅಲ್ಟ್ರಾಸೌಂಡ್ ಪರೀಕ್ಷೆಯೂ

ಉತ್ತಮವಾದ ಒಂದು ಹೋರಿಯಿಂದ ಸಾವಿರಾರು ಕರುಗಳನ್ನು ಪಡೆಯುವ ಉಪಾಯವು ನಮ್ಮ ರೈತರಿಗೆ ಈಗ ಹೊಸದಲ್ಲ. ಕೃತಕ ಗರ್ಭಧಾರಣೆಯು ಹಳ್ಳಿಹಳ್ಳಿಗೂ ಬಂದ ಮೇಲೆ, ಹೋರಿಯು ತಾನಿದ್ದಲ್ಲಿಯೇ ಇದ್ದರೂ ಅದರ ವೀರ್ಯವು ದೂರದೂರದ ಗ್ರಾಮಗಳನ್ನು ಮುಟ್ಟುತ್ತದೆ. ಆದರೆ ಹಸುವಿನ ವಿಷಯವು ಹಾಗಲ್ಲ. ಎಷ್ಟೇ ಶ್ರೇಷ್ಠವಾದ ಹಸುವಾದರೂ ವರ್ಷಕ್ಕೆ ಒಂದು ಕರುವಿಗಿಂತ ಹೆಚ್ಚಾಗಿ ಕೊಡಲಾರದು. ಅವುಗಳಲ್ಲಿಯೂ ಸುಮಾರು ಅರ್ಧದಷ್ಟು ಹೋರಿಗರುಗಳೇ ಆಗುತ್ತವೆ. ಆದುದರಿಂದ ಒಳ್ಳೆಯ ಹಸುವನ್ನು ಪಡೆದ ಮನೆಯವರು ಅದರ ಸಂತತಿಯಿಂದ ಕೊಟ್ಟಿಗೆಯನ್ನು ತುಂಬಿಸಬೇಕೆಂದರೆ ಒಂದು ತಲೆಮಾರೇ ಕಾಯಬೇಕಾಗುತ್ತದೆ. ಈ ಕೊರತೆಯನ್ನು ನೀಗಿಸುವುದಕ್ಕಾಗಿ ಹುಟ್ಟಿದ ವಿಧಾನವೇ ಭ್ರೂಣ ವರ್ಗಾವಣೆ.

ಈ ವಿಧಾನವು ಈಗ ನಮ್ಮ ದೇಶದಲ್ಲಿಯೂ ನಡೆಯುತ್ತಿದೆ. ೨೦೧೪ನೆಯ ಇಸವಿಯಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ ಯೋಜನೆಯ ಕೆಲಸಗಳಲ್ಲಿ ಇದೂ ಒಂದು. ಆದರೆ ಇದಕ್ಕೆ ತಗಲುವ ವೆಚ್ಚವು ಸಾಮಾನ್ಯವಾದ ಗರ್ಭಧಾರಣೆಯ ವೆಚ್ಚಕ್ಕಿಂತ ಬಹಳ ಹೆಚ್ಚು. ಕೆಲಸವು ನಿಷ್ಫಲವಾದರೆ ಹೋಗುವುದು ಹಣ ಮಾತ್ರವಲ್ಲ. ಹಸುವಿನ ಕಾಲವೂ ಹೋಗುತ್ತದೆ, ಬೆಲೆಬಾಳುವ ಭ್ರೂಣವೂ ಹೋಗುತ್ತದೆ. ಅಲ್ಟ್ರಾಸೌಂಡ್ ಎಂಬ ಯಂತ್ರದಿಂದ, ಅಂದರೆ ಜನರು ಸ್ಕ್ಯಾನಿಂಗ್ ಎಂದು ಕರೆಯುವ ಪರೀಕ್ಷೆಯಿಂದ, ಈ ನಷ್ಟವನ್ನು ಬಹುಮಟ್ಟಿಗೆ ಕಡಮೆ ಮಾಡಬಹುದು. ಯಂತ್ರದಲ್ಲಿ ನೋಡಿಕೊಂಡು ಭ್ರೂಣವನ್ನು ಇಟ್ಟರೆ ಕರುವು ನಿಶ್ಚಯವೆಂದು ಕೆಲವರು ಭಾವಿಸಬಹುದು. ಅದು ಸರಿಯಲ್ಲ. ಹಸುವಿನಲ್ಲಿ ಈ ಯಂತ್ರದ ಮುಖ್ಯವಾದ ಪ್ರಯೋಜನವು ಭ್ರೂಣವನ್ನು ಇಡುವ ಗಳಿಗೆಯಲ್ಲಿ ಇಲ್ಲ. ಅದಕ್ಕೆ ಮುಂಚೆ ಮತ್ತು ಅದರ ತರುವಾಯ ಇದೆ. ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಚೆನ್ನಾಗಿ ತಿಳಿದುಕೊಂಡರೆ, ಯಾವ ಕಾಲದಲ್ಲಿ ಯಾವ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕೆಂಬುದು ಅವರಿಗೆ ತಾನಾಗಿ ಗೊತ್ತಾಗುವುದು.

ಭ್ರೂಣ ವರ್ಗಾವಣೆ ಎಂದರೇನು?

ಒಂದು ಹಸುವಿನಿಂದ ಉತ್ಪನ್ನವಾದ ಸುಮಾರು ಏಳು ದಿವಸಗಳ ಎಳೆಯ ಭ್ರೂಣವನ್ನು ಮತ್ತೊಂದು ಹಸುವಿನ ಗರ್ಭಕೋಶದಲ್ಲಿಟ್ಟು ಬೆಳೆಯಿಸುವುದಕ್ಕೆ ಭ್ರೂಣ ವರ್ಗಾವಣೆ ಎಂದು ಹೆಸರು. ಭ್ರೂಣಕ್ಕೆ ಮೂಲವಾದ ಹಸುವನ್ನು ದಾನಿ ಹಸುವೆಂದೂ, ಅದನ್ನು ಹೊತ್ತು ಈಯುವ ಹಸುವನ್ನು ಧಾರಕ ಹಸುವೆಂದೂ ಈ ಲೇಖನದಲ್ಲಿ ಕರೆಯಲಾಗಿದೆ. ಕರುವಿನ ತಳಿ, ಬಣ್ಣ, ಹಾಲಿನ ಶಕ್ತಿ ಮುಂತಾದ ಹುಟ್ಟುಗುಣಗಳು ದಾನಿ ಹಸುವಿನಿಂದಲೂ ಹೋರಿಯಿಂದಲೂ ಬರತಕ್ಕವು. ಧಾರಕ ಹಸುವು ಕೊಡುವುದು ನೆಲೆ, ಪೋಷಣೆ, ಮತ್ತು ಈದ ಮೇಲೆ ಗಿಣ್ಣುಹಾಲು. ನಾಟಿ ಮಾವಿನ ಬುಡಕ್ಕೆ ಬಾದಾಮಿ ಮಾವಿನ ಕುಡಿಯನ್ನು ಕಸಿಮಾಡಿದರೆ ಬರುವ ಹಣ್ಣು ಬಾದಾಮಿಯದೇ ಆಗಿರುವಂತೆ ಇದನ್ನು ತಿಳಿಯಬಹುದು.

ಈ ಸಂಗತಿಯನ್ನು ಮೊದಲು ತೋರಿಸಿಕೊಟ್ಟವರು ಇಂಗ್ಲೆಂಡಿನ ವಾಲ್ಟರ್ ಹೀಪ್ ಎಂಬ ವಿಜ್ಞಾನಿಗಳು. ೧೮೯೦ರಲ್ಲಿ ಅವರು ಅಂಗೋರಾ ಜಾತಿಯ ಮೊಲದ ಭ್ರೂಣಗಳನ್ನು ಬೇರೊಂದು ಜಾತಿಯ ಗಬ್ಬದ ಮೊಲದಲ್ಲಿ ಇಟ್ಟರು. ಆ ಮೊಲವು ತನ್ನ ಮರಿಗಳೊಡನೆ ಅಂಗೋರಾ ಮರಿಗಳನ್ನೂ ಈದಿತು. ಹೊತ್ತ ತಾಯಿಯ ಜಾತಿಯು ಆ ಮರಿಗಳಿಗೆ ಅಂಟಲಿಲ್ಲ. ಹಸುವಿನಲ್ಲಿ ಈ ರೀತಿ ಕರು ಹುಟ್ಟಿದ ವರದಿಯು ೧೯೫೧ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಿಂದ ಪ್ರಕಟವಾಯಿತು. ಮೊದಮೊದಲು ಹಸುವಿನ ಹೊಟ್ಟೆಯನ್ನು ಕೊಯ್ದು ಈ ಕೆಲಸವನ್ನು ಮಾಡಬೇಕಾಗಿತ್ತು. ೧೯೭೦ರಿಂದ ಈಚಿನ ವರ್ಷಗಳಲ್ಲಿ ಕೊಯ್ಯದೆಯೇ, ಕೃತಕ ಗರ್ಭಧಾರಣೆಯನ್ನು ಹೋಲುವ ರೀತಿಯಲ್ಲಿ ಮಾಡುವ ಕ್ರಮವು ರೂಢಿಗೆ ಬಂದಿತು. ನಮ್ಮ ದೇಶದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ, ಪ್ರಯೋಗಶಾಲೆಯಲ್ಲಿ ಫಲಿಸಿದ ಭ್ರೂಣದಿಂದ ಎಮ್ಮೆಯ ಕರುವು ೧೯೯೦ರಲ್ಲಿ ಹುಟ್ಟಿತು.

ಭ್ರೂಣಗಳನ್ನು ಪಡೆಯುವ ಕ್ರಮಗಳು ಎರಡು. ಮೊದಲನೆಯದರಲ್ಲಿ ದಾನಿ ಹಸುವಿಗೆ ಸುಮಾರು ನಾಲ್ಕು ದಿವಸಗಳ ಕಾಲ ಹಾರ್ಮೋನು ಚುಚ್ಚುಮದ್ದನ್ನು ಕೊಟ್ಟು, ಒಂದೇ ಬೆದೆಯಲ್ಲಿ ಹಲವು ಅಂಡಗಳು ಬಲಿಯುವಂತೆ ಮಾಡಿ, ಉತ್ತಮ ಹೋರಿಯ ವೀರ್ಯದಿಂದ ಫಲಗೊಳಿಸಿ, ಏಳನೆಯ ದಿವಸ ಗರ್ಭಕೋಶವನ್ನು ಶುದ್ಧವಾದ ದ್ರವದಿಂದ ತೊಳೆದು ಭ್ರೂಣಗಳನ್ನು ಹೊರಕ್ಕೆ ತೆಗೆಯುತ್ತಾರೆ. ಒಂದು ಸಲಕ್ಕೆ ಉಪಯೋಗಕ್ಕೆ ಬರುವ ನಾಲ್ಕಾರು ಭ್ರೂಣಗಳು ದೊರೆಯಬಹುದು. ಕೆಲವು ಹಸುಗಳಲ್ಲಿ ಒಂದೂ ದೊರೆಯದೆ ಹೋಗುವುದೂ ಉಂಟು. ಎರಡನೆಯದರಲ್ಲಿ ಅಂಡಗಳನ್ನು ನೇರವಾಗಿ ಅಂಡಾಶಯದಿಂದಲೇ ತೆಗೆದು, ಪ್ರಯೋಗಶಾಲೆಯಲ್ಲಿ ಬಲಿಯಿಸಿ, ವೀರ್ಯದೊಡನೆ ಸೇರಿಸಿ, ಏಳು ದಿವಸಗಳವರೆಗೆ ಪೋಷಿಸುತ್ತಾರೆ. ಈ ಎರಡನೆಯ ಕ್ರಮಕ್ಕೆ ಅಲ್ಟ್ರಾಸೌಂಡ್ ಯಂತ್ರವೇ ಆಧಾರ.

ಅಲ್ಟ್ರಾಸೌಂಡ್ ಯಂತ್ರದ ಕೆಲಸ

ಬಾವಿಯ ದಡದಲ್ಲಿ ನಿಂತು ಕೂಗಿದರೆ ಕೂಗು ಹಿಂದಕ್ಕೆ ಬರುತ್ತದೆ. ನೀರು ಹತ್ತಿರವಿದ್ದರೆ ಬೇಗನೆ ಬರುತ್ತದೆ. ಆಳದಲ್ಲಿದ್ದರೆ ತುಸು ತಡವಾಗಿ ಬರುತ್ತದೆ. ಈ ಯಂತ್ರದ ತತ್ತ್ವವೂ ಇದೇ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ಶಬ್ದವು ಮಾತ್ರ ಕೇಳುತ್ತದೆ. ರಾಸುಗಳ ಪರೀಕ್ಷೆಗೆ ಬಳಸುವ ಯಂತ್ರದ ಶಬ್ದವು ಸೆಕೆಂಡಿಗೆ ಸುಮಾರು ೫೦ ಲಕ್ಷದಿಂದ ೭೫ ಲಕ್ಷ ಕಂಪನಗಳುಳ್ಳದ್ದು. ಆದುದರಿಂದ ನಮಗಾಗಲಿ ಹಸುವಿಗಾಗಲಿ ಅದು ಕೇಳಿಸದು. ಪಶುವೈದ್ಯರು ಕೈಗವಸನ್ನು ಧರಿಸಿ, ಯಂತ್ರದ ಶೋಧಕವನ್ನು ಹಸುವಿನ ಗುದದ್ವಾರದ ಮೂಲಕ ಒಳಕ್ಕೆ ಒಯ್ದು ಗರ್ಭಕೋಶದ ಮೇಲ್ಭಾಗದಲ್ಲಿ ಹಿಡಿಯುತ್ತಾರೆ. ಶೋಧಕವು ಕಳುಹಿಸಿದ ಶಬ್ದವು ಒಳಗಿನ ಅಂಗಗಳಿಗೆ ತಗಲಿ ಹಿಂದಿರುಗುತ್ತದೆ. ಯಂತ್ರವು ಆ ಮರುದನಿಯನ್ನು ಲೆಕ್ಕಹಾಕಿ ಪರದೆಯ ಮೇಲೆ ಚಿತ್ರವಾಗಿ ತೋರಿಸುತ್ತದೆ. ನೀರಿನಂತಹ ದ್ರವವು ಕಪ್ಪಾಗಿಯೂ, ಮಾಂಸವು ಬೂದುಬಣ್ಣವಾಗಿಯೂ, ಎಲುಬು ಬೆಳ್ಳಗೂ ಕಾಣುತ್ತವೆ. ಇದರಲ್ಲಿ ಕ್ಷ-ಕಿರಣಗಳಿಲ್ಲ, ಹಸುವಿಗೆ ನೋವಿಲ್ಲ, ಸರಿಯಾದ ಕೈಯಿಂದ ಮಾಡಿದರೆ ಗಬ್ಬಕ್ಕೂ ಹಾನಿಯಿಲ್ಲ.

ಲೋಹದೊಳಗಣ ಬಿರುಕುಗಳನ್ನು ಪತ್ತೆಮಾಡುವುದಕ್ಕೆ ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಈ ವಿದ್ಯೆಯನ್ನು ಸ್ತ್ರೀಯರ ಗರ್ಭಪರೀಕ್ಷೆಗೆ ತಂದವರಲ್ಲಿ ಗ್ಲಾಸ್ಗೊ ನಗರದ ವೈದ್ಯರಾದ ಇಯಾನ್ ಡೊನಾಲ್ಡ್ ಮುಖ್ಯರು. ಅವರ ಲೇಖನವು ೧೯೫೮ರಲ್ಲಿ ಪ್ರಕಟವಾಯಿತು. ೧೯೮೦ರ ಈಚೆಗೆ ಕುದುರೆ ಮತ್ತು ಹಸುಗಳ ಪರೀಕ್ಷೆಗೂ ಇದು ಬಳಕೆಗೆ ಬಂದಿತು. ಕೈಯಲ್ಲಿ ಹಿಡಿದು ಕೊಟ್ಟಿಗೆಗೆ ಒಯ್ಯುವಷ್ಟು ಚಿಕ್ಕ ಯಂತ್ರಗಳೂ ಈಗ ದೊರೆಯುತ್ತವೆ.

ಅಂಡಗಳನ್ನು ತೆಗೆಯುವಾಗ

ಅಂಡಾಶಯದಲ್ಲಿ ಅಂಡಗಳು ಸಣ್ಣ ಸಣ್ಣ ನೀರಿನ ಗುಳ್ಳೆಗಳೊಳಗೆ ಇರುತ್ತವೆ. ದ್ರವದಿಂದ ತುಂಬಿರುವುದರಿಂದ ಈ ಗುಳ್ಳೆಗಳು ಪರದೆಯ ಮೇಲೆ ಕಪ್ಪಗೆ ದುಂಡಾಗಿ ಕಾಣುತ್ತವೆ. ಪಶುವೈದ್ಯರು ಹಸುವಿನ ಬಾಲದ ಬುಡದ ಬಳಿ ಬೆನ್ನಿಗೆ ಮರವಳಿಕೆಯ ಮದ್ದನ್ನು ಕೊಟ್ಟು, ಒಂದು ಕೈಯನ್ನು ಗುದದ್ವಾರದಲ್ಲಿ ಹಾಕಿ ಅಂಡಾಶಯವನ್ನು ಹಿಡಿದು, ಯೋನಿಯ ಮೂಲಕ ಒಯ್ದ ಶೋಧಕದ ಎದುರಿಗೆ ತಂದು ನಿಲ್ಲಿಸುತ್ತಾರೆ. ಶೋಧಕದೊಡನೆ ಒಂದು ಉದ್ದವಾದ ಸೂಜಿ ಇರುತ್ತದೆ. ಪರದೆಯನ್ನು ನೋಡುತ್ತ, ಒಂದೊಂದು ಗುಳ್ಳೆಯನ್ನೂ ಸೂಜಿಯಿಂದ ಚುಚ್ಚಿ, ಅದರ ದ್ರವವನ್ನು ಅಂಡದೊಡನೆ ಎಳೆದುಕೊಳ್ಳುತ್ತಾರೆ. ಎರಡು ಮಿಲಿಮೀಟರಿನಿಂದ ಎಂಟು ಮಿಲಿಮೀಟರಿನವರೆಗಿನ ಗುಳ್ಳೆಗಳು ಇದಕ್ಕೆ ತಕ್ಕವು. ೧೯೮೮ರ ಸುಮಾರಿಗೆ ನೆದರ್ಲೆಂಡ್ ದೇಶದಲ್ಲಿ ಹಸುಗಳಲ್ಲಿ ಈ ಕ್ರಮವು ಬಳಕೆಗೆ ಬಂದಿತು.

ಈ ಕೆಲಸದಲ್ಲಿ ಮಾತ್ರ ಯಂತ್ರದ ಮಾರ್ಗದರ್ಶನವಿಲ್ಲದೆ ಗತಿಯಿಲ್ಲ. ಇದರಿಂದ ಇರುವ ಅನುಕೂಲಗಳು ಹಲವು. ಒಂದೇ ಹಸುವಿನಿಂದ ಹಲವು ಸಲ ಅಂಡಗಳನ್ನು ತೆಗೆಯಬಹುದು. ಹಾರ್ಮೋನು ಮದ್ದನ್ನು ಕೊಡದೆಯೂ ತೆಗೆಯಬಹುದು. ಗಬ್ಬದ ಮೊದಲ ತಿಂಗಳುಗಳಲ್ಲಿರುವ ಹಸುವಿನಿಂದಲೂ ಪಡೆಯಬಹುದು. ನಮ್ಮ ದೇಶದ ಡುಬ್ಬವುಳ್ಳ ತಳಿಗಳಲ್ಲಿ ಈ ಗುಳ್ಳೆಗಳ ಸಂಖ್ಯೆಯು ಐರೋಪ್ಯ ತಳಿಗಳಿಗಿಂತ ಸಾಮಾನ್ಯವಾಗಿ ಹೆಚ್ಚಾಗಿರುತ್ತದೆ. ನಮ್ಮ ಕಾಠಿಯಾವಾಡದಿಂದ ಹೋದ ಗಿರ್ ತಳಿಯನ್ನೂ, ಆಂಧ್ರದ ಓಂಗೋಲಿನಿಂದ ಹೋಗಿ ಅಲ್ಲಿ ನೆಲ್ಲೂರಿನ ಹೆಸರನ್ನು ಪಡೆದ ತಳಿಯನ್ನೂ ಬ್ರೆಜಿಲ್ ದೇಶದವರು ಈ ಕ್ರಮದಿಂದ ಬಹಳವಾಗಿ ವೃದ್ಧಿಪಡಿಸಿರುವುದಕ್ಕೆ ಇದೂ ಒಂದು ಕಾರಣ. ಎಮ್ಮೆಗಳಲ್ಲಾದರೋ ದೊರೆಯುವ ಅಂಡಗಳು ಕಡಮೆ.

ಧಾರಕ ಹಸುವನ್ನು ಆರಿಸುವಾಗ

ಭ್ರೂಣವನ್ನು ತರುವುದಕ್ಕಿಂತ ಅದನ್ನು ಹೊರುವ ಹಸುವನ್ನು ಆರಿಸುವುದು ಕಷ್ಟ. ರೈತನ ಕೈಯಲ್ಲಿರುವುದೂ ಈ ಭಾಗವೇ. ಏಳು ದಿವಸದ ಭ್ರೂಣವನ್ನು, ಸುಮಾರು ಏಳು ದಿವಸಗಳ ಹಿಂದೆ ಬೆದೆಗೆ ಬಂದ ಹಸುವಿನಲ್ಲಿಯೇ ಇಡಬೇಕು. ಒಂದು ದಿವಸ ಹೆಚ್ಚುಕಡಮೆಯಾದರೆ ಬಾಧಕವಿಲ್ಲ. ಅದಕ್ಕಿಂತ ಹೆಚ್ಚಾದರೆ ಗರ್ಭಕೋಶದ ಸ್ಥಿತಿಯೂ ಭ್ರೂಣದ ವಯಸ್ಸೂ ಹೊಂದಿಕೊಳ್ಳವು. ಅಕಾಲದಲ್ಲಿ ನಾಟಿಮಾಡಿದ ಪೈರಿನಂತೆ ಭ್ರೂಣವು ಕೆಡುತ್ತದೆ.

ಬೆದೆಯಾದ ಮೇಲೆ ಅಂಡವು ಹೊರಬಿದ್ದ ಸ್ಥಳದಲ್ಲಿ ಅಂಡಾಶಯದ ಮೇಲೆ ಒಂದು ಹಳದಿ ಗಂಟು ಬೆಳೆಯುತ್ತದೆ. ಗಬ್ಬವನ್ನು ಕಾಪಾಡುವ ರಸವು ಈ ಗಂಟಿನಿಂದಲೇ ಉತ್ಪನ್ನವಾಗುತ್ತದೆ. ಇದು ಒಂದು ಸಲ ಬಲಗಡೆಯ ಅಂಡಾಶಯದಲ್ಲಿ ಇರಬಹುದು, ಮತ್ತೊಂದು ಸಲ ಎಡಗಡೆಯದರಲ್ಲಿ ಇರಬಹುದು. ಹಸುವಿನ ಗರ್ಭಕೋಶಕ್ಕೆ ಎರಡು ಕೊಂಬುಗಳುಂಟು. ಹಳದಿ ಗಂಟು ಯಾವ ಕಡೆಗಿದೆಯೋ ಆ ಕಡೆಯ ಕೊಂಬಿನಲ್ಲಿಯೇ ಭ್ರೂಣವನ್ನು ಇಡತಕ್ಕದ್ದು. ಇದಕ್ಕೆ ಕಾರಣವೇನೆಂದರೆ, ಬೆದೆಯಾದ ೧೫ರಿಂದ ೧೭ನೆಯ ದಿವಸಗಳಲ್ಲಿ ಭ್ರೂಣವು ತಾನಿರುವುದನ್ನು ಒಂದು ರಸದ ಮೂಲಕ ಗರ್ಭಕೋಶಕ್ಕೆ ತಿಳಿಸಬೇಕು. ತಿಳಿಸದಿದ್ದರೆ ಆ ಕೊಂಬಿನಿಂದ ಹೊರಡುವ ಮತ್ತೊಂದು ರಸವು ಅದೇ ಕಡೆಯ ಹಳದಿ ಗಂಟನ್ನು ಕರಗಿಸಿಬಿಡುತ್ತದೆ. ಹಸುವು ಪುನಃ ಬೆದೆಗೆ ಬರುತ್ತದೆ. ಭ್ರೂಣವನ್ನು ಬಲಗಡೆ ಇಟ್ಟು ಗಂಟು ಎಡಗಡೆ ಇದ್ದರೆ, ಈ ಸಂದೇಶವು ಮುಟ್ಟಬೇಕಾದ ಸ್ಥಳಕ್ಕೆ ಸಕಾಲದಲ್ಲಿ ಮುಟ್ಟದೆ ಗಬ್ಬವು ನಿಲ್ಲುವುದು ಅಪರೂಪವಾಗುತ್ತದೆ.

ನುರಿತ ವೈದ್ಯರು ಕೈಪರೀಕ್ಷೆಯಿಂದಲೇ ಹಳದಿ ಗಂಟನ್ನು ಗುರುತಿಸಬಲ್ಲರು. ಆದರೆ ಅಂಡಾಶಯದೊಳಗೆ ಹುದುಗಿರುವ ಗಂಟು ಕೈಗೆ ಸಿಕ್ಕದಿರುವುದುಂಟು. ನೀರಿನ ಗುಳ್ಳೆಯನ್ನೇ ಗಂಟೆಂದು ಭ್ರಮಿಸುವುದೂ ಉಂಟು. ಯಂತ್ರವು ಈ ಸಂದೇಹವನ್ನು ತೀರಿಸುತ್ತದೆ. ಗಂಟು ಬೂದುಬಣ್ಣವಾಗಿ ಕಾಣುತ್ತದೆ, ಬರಿಯ ಗುಳ್ಳೆಯು ಕಪ್ಪಾಗಿ ಕಾಣುತ್ತದೆ. ಕೆಲವು ಗಂಟುಗಳ ನಡುವೆ ಸ್ವಲ್ಪ ನೀರಿರುತ್ತದೆ. ಸುತ್ತಲೂ ದಪ್ಪವಾದ ಬೂದುಬಣ್ಣದ ಗೋಡೆಯಿದ್ದರೆ ಅಂತಹ ಹಸುವನ್ನು ಬಿಡಬೇಕಾದುದಿಲ್ಲ. ಗಂಟೇ ಇಲ್ಲದೆ ೨೫ ಮಿಲಿಮೀಟರಿಗೂ ಮೀರಿದ ತೆಳುಗೋಡೆಯ ಗುಳ್ಳೆಯು ನಿಂತುಬಿಟ್ಟಿದ್ದರೆ ಅದು ರೋಗದ ಗುರುತು. ಅಂತಹ ಹಸುವಿಗೆ ಚಿಕಿತ್ಸೆಯನ್ನು ಮಾಡಿಸಬೇಕೇ ಹೊರತು ಭ್ರೂಣವನ್ನು ಇಡಕೂಡದು. ಗರ್ಭಕೋಶದೊಳಗೆ ಮಾಸಲಾದ ದ್ರವವು ಕಂಡರೆ ಕೀವು ಅಥವಾ ಊತವಿರಬಹುದೆಂದು ತಿಳಿದು ಅದನ್ನೂ ಕೈಬಿಡತಕ್ಕದ್ದು.

ಇಲ್ಲಿಯೇ ಮತ್ತೊಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಹಲವು ಹಸುಗಳನ್ನು ಒಂದೇ ಕಾಲಕ್ಕೆ ಬೆದೆಗೆ ತರುವುದಕ್ಕಾಗಿ ಪ್ರೋಸ್ಟಗ್ಲಾಂಡಿನ್ ಎಂಬ ಚುಚ್ಚುಮದ್ದನ್ನು ಕೊಡುವುದುಂಟು. ಈ ಮದ್ದು ಹಳದಿ ಗಂಟನ್ನು ಕರಗಿಸತಕ್ಕದ್ದು. ಹಸುವು ಮೊದಲೇ ಗಬ್ಬವಾಗಿದ್ದರೆ ಕಂದು ಹಾಕುತ್ತದೆ. ಊರ ಹೋರಿಯೊಡನೆ ಮೇಯಲು ಹೋದ ಹಸುವು ಒಡೆಯನಿಗೆ ತಿಳಿಯದಂತೆ ಗಬ್ಬವಾಗಿರುವುದು ಹಳ್ಳಿಗಳಲ್ಲಿ ಸಾಮಾನ್ಯ. ಆದುದರಿಂದ ಗಬ್ಬವಿಲ್ಲವೆಂದು ಪರೀಕ್ಷೆಯಿಂದ ನಿಶ್ಚಯವಾದ ಹೊರತು ಯಾವ ಹಸುವಿಗೂ ಈ ಮದ್ದನ್ನು ಹಾಕಿಸಕೂಡದು. ಇದು ಚರ್ಮದ ಮೂಲಕವೂ ಮೈಗೆ ಇಳಿಯುವುದರಿಂದ ಗರ್ಭಿಣಿ ಸ್ತ್ರೀಯರು ಇದನ್ನು ಮುಟ್ಟಲೂಬಾರದು.

ಭ್ರೂಣವನ್ನು ಇಡುವಾಗ

ಸ್ತ್ರೀಯರ ಬಂಜೆತನದ ಚಿಕಿತ್ಸೆಯಲ್ಲಿ ಭ್ರೂಣವನ್ನು ಇಡುವ ಗಳಿಗೆಯಲ್ಲಿಯೇ ಅಲ್ಟ್ರಾಸೌಂಡ್ ಯಂತ್ರವನ್ನು ಬಳಸುತ್ತಾರೆ. ಪ್ರಯೋಗಶಾಲೆಯಲ್ಲಿ ಫಲಿಸಿದ ಭ್ರೂಣದಿಂದ ಮೊದಲನೆಯ ಶಿಶುವು ೧೯೭೮ರ ಜುಲೈ ೨೫ರಂದು ಇಂಗ್ಲೆಂಡಿನಲ್ಲಿ ಹುಟ್ಟಿತು. ಆ ಕಾಲದಲ್ಲಿ ವೈದ್ಯರು ಕೈಯ ಅಂದಾಜಿನಿಂದಲೇ ಭ್ರೂಣವನ್ನು ಇಡುತ್ತಿದ್ದರು. ಕ್ರಮೇಣ, ಹೊಟ್ಟೆಯ ಮೇಲೆ ಶೋಧಕವನ್ನಿಟ್ಟು, ಪರದೆಯನ್ನು ನೋಡುತ್ತ, ಮೃದುವಾದ ಸಣ್ಣ ಕೊಳವೆಯನ್ನು ಒಳಕ್ಕೆ ನಡೆಸುವ ಕ್ರಮವು ಬಂದಿತು. ಮೂತ್ರಕೋಶವು ತುಂಬಿದ್ದರೆ ಚಿತ್ರವು ಸ್ಪಷ್ಟವಾಗುತ್ತದೆ. ಬಾಗಿರುವ ಗರ್ಭಕೋಶವೂ ಸ್ವಲ್ಪ ನೇರವಾಗುತ್ತದೆ. ಕೊಳವೆಯ ತುದಿಯು ಗರ್ಭಕೋಶದ ಮೇಲಿನ ಗೋಡೆಗೆ ತಗಲದಂತೆ, ಅದಕ್ಕಿಂತ ಒಂದೆರಡು ಸೆಂಟಿಮೀಟರು ಹಿಂದೆಯೇ ನಿಲ್ಲಿಸಿ ಭ್ರೂಣವನ್ನು ಬಿಡುತ್ತಾರೆ. ಈ ಕ್ರಮದಿಂದ ಗರ್ಭವು ನಿಲ್ಲುವ ಪ್ರಮಾಣವು ಹೆಚ್ಚಿದೆಯೆಂದು ಹಲವು ಪರೀಕ್ಷೆಗಳಿಂದ ತಿಳಿದುಬಂದಿದೆ. ಅಲ್ಲಿಯೂ ಪರದೆಯ ಮೇಲೆ ಭ್ರೂಣವು ಕಾಣುವುದಿಲ್ಲ. ಅದರೊಡನೆ ಕೊಳವೆಯಲ್ಲಿ ತುಂಬಿದ ಸಣ್ಣ ಗಾಳಿಗುಳ್ಳೆಯು ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಅದರಿಂದ ಭ್ರೂಣವು ಬಿದ್ದ ಸ್ಥಳವನ್ನು ಊಹಿಸುತ್ತಾರೆ.

ಹಸುವಿನಲ್ಲಿ ಇದೇ ಕ್ರಮವು ಏಕೆ ಬೇಡವೆಂದರೆ, ಪಶುವೈದ್ಯರಿಗೆ ಇರುವ ಒಂದು ಸೌಕರ್ಯವು ಸ್ತ್ರೀಯರ ವೈದ್ಯರಿಗೆ ಇಲ್ಲ. ಹಸುವಿನ ಗುದದ್ವಾರದಲ್ಲಿ ಕೈಯನ್ನು ಹಾಕಿದರೆ ಗರ್ಭಕೋಶದ ಕತ್ತನ್ನೂ ಕೊಂಬುಗಳನ್ನೂ ಕರುಳಿನ ಗೋಡೆಯ ಮೂಲಕ ಹಿಡಿದು ನೋಡಬಹುದು. ಕತ್ತಿನ ಉಂಗುರಗಳನ್ನು ಒಂದೊಂದಾಗಿ ದಾಟಿಸಿ, ಹಳದಿ ಗಂಟಿರುವ ಕಡೆಯ ಕೊಂಬಿನೊಳಕ್ಕೆ ಕೊಳವೆಯನ್ನು ನಡೆಸಿ, ಸಾಧ್ಯವಾದಷ್ಟು ಮುಂದಕ್ಕೆ ಒಯ್ದು ಭ್ರೂಣವನ್ನು ಬಿಡುವುದಕ್ಕೆ ಆ ಕೈಯೇ ಕಣ್ಣಾಗಿರುತ್ತದೆ. ಭ್ರೂಣದ ಅಳತೆಯು ಒಂದು ಮಿಲಿಮೀಟರಿನ ಏಳರಲ್ಲಿ ಒಂದು ಪಾಲಿನಷ್ಟು. ಯಂತ್ರದ ಪರದೆಯಲ್ಲಿ ಅದು ಕಾಣತಕ್ಕದ್ದಲ್ಲ. ಇಲ್ಲಿ ಬೇಕಾದುದು ಮೆಲುವಾದ ಕೈ, ಶುಚಿ, ಮತ್ತು ತ್ವರೆ. ಕೊಳವೆಯು ಒಳಪೊರೆಯನ್ನು ಗೀರಿ ರಕ್ತವು ಬಂದರೆ ಭ್ರೂಣವು ಉಳಿಯುವುದು ದುರ್ಲಭ. ಆದುದರಿಂದ ಭ್ರೂಣವನ್ನು ಇಡುವಾಗ ಪರದೆಯನ್ನು ತೋರಿಸಲಿಲ್ಲವೆಂದು ರೈತರು ಸಂಶಯಪಡಬೇಕಾದುದಿಲ್ಲ. ಇಡುವುದಕ್ಕೆ ಮುಂಚೆ ಹಸುವನ್ನು ಪರೀಕ್ಷಿಸದಿದ್ದರೆ ಮಾತ್ರ ಅವಶ್ಯವಾಗಿ ಪ್ರಶ್ನಿಸತಕ್ಕದ್ದು.

ಇಟ್ಟ ತರುವಾಯ

ಉತ್ತಮವಾದ ಹೊಸ ಭ್ರೂಣವನ್ನು ಚೆನ್ನಾಗಿ ಆರಿಸಿದ ಹಸುವಿನಲ್ಲಿ ಇಟ್ಟರೂ ನೂರಕ್ಕೆ ಸುಮಾರು ೫೦ರಿಂದ ೬೦ ಹಸುಗಳು ಮಾತ್ರ ಗಬ್ಬವಾಗುತ್ತವೆ. ಹೆಪ್ಪುಗಟ್ಟಿಸಿಟ್ಟ ಭ್ರೂಣಗಳಲ್ಲಿಯೂ ಪ್ರಯೋಗಶಾಲೆಯಲ್ಲಿ ಫಲಿಸಿದ ಭ್ರೂಣಗಳಲ್ಲಿಯೂ ಫಲವು ಸಾಮಾನ್ಯವಾಗಿ ಇದಕ್ಕಿಂತ ಕಡಮೆ. ಹೀಗಿರುವಾಗ, ಯಾವ ಹಸುವು ನಿಂತಿದೆ, ಯಾವುದು ನಿಂತಿಲ್ಲ ಎಂಬುದನ್ನು ಬೇಗನೆ ತಿಳಿಯುವುದೇ ಲಾಭ.

ಕೈಪರೀಕ್ಷೆಯಿಂದ ಗಬ್ಬವನ್ನು ಹಳ್ಳಿಗಳಲ್ಲಿ ಸಾಮಾನ್ಯವಾಗಿ ಎರಡು ತಿಂಗಳ ಮೇಲೆಯೇ ನಿಶ್ಚಯಿಸುತ್ತಾರೆ. ಅಲ್ಟ್ರಾಸೌಂಡ್ ಯಂತ್ರದಿಂದಾದರೋ ಬೆದೆಯಾದ ೨೮ರಿಂದ ೩೦ ದಿವಸಗಳಲ್ಲಿ ನಿಶ್ಚಯಿಸಬಹುದು. ಅಂದರೆ ಭ್ರೂಣವನ್ನು ಇಟ್ಟು ಮೂರು ವಾರಗಳು ಕಳೆದರೆ ಸಾಕು. ಆ ವೇಳೆಗೆ ಕೊಂಬಿನೊಳಗೆ ಕಪ್ಪಾದ ದ್ರವವೂ, ಅದರಲ್ಲಿ ಸಣ್ಣದಾದ ಭ್ರೂಣವೂ, ಮಿಡಿಯುವ ಹೃದಯವೂ ಕಾಣುತ್ತವೆ. ಹೃದಯದ ಮಿಡಿತವನ್ನು ಕಂಡ ಮೇಲೆ ಭ್ರೂಣವು ಜೀವಂತವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ; ಕೈಪರೀಕ್ಷೆಯಿಂದ ಇದನ್ನು ತಿಳಿಯಲಾಗದು.

ಇದರ ಲಾಭವನ್ನು ಲೆಕ್ಕಹಾಕಿ ನೋಡೋಣ. ಹಸುವು ೨೧ ದಿವಸಗಳಿಗೊಮ್ಮೆ ಬೆದೆಗೆ ಬರುತ್ತದೆ. ಬರಿದಾದ ಹಸುವನ್ನು ೩೦ನೆಯ ದಿವಸ ಗುರುತಿಸಿದರೆ ೪೨ನೆಯ ದಿವಸದ ಬೆದೆಯಲ್ಲಿ ಪುನಃ ಪ್ರಯತ್ನಿಸಬಹುದು. ೭೫ನೆಯ ದಿವಸ ಗುರುತಿಸಿದರೆ ೮೪ನೆಯ ದಿವಸದವರೆಗೆ ಕಾಯಬೇಕು. ನಡುವಣ ೪೨ ದಿವಸಗಳ ಮೇವೂ ಹಿಂಡಿಯೂ ಹಸುವಿನ ಆಯುಸ್ಸಿನ ಅಷ್ಟು ಭಾಗವೂ ವ್ಯರ್ಥ. ಹತ್ತು ಹಸುಗಳಲ್ಲಿ ಐದು ನಿಲ್ಲದಿದ್ದರೆ ಒಟ್ಟು ೨೧೦ ದಿವಸಗಳ ಮೇವು ಹೋದಂತಾಗುತ್ತದೆ.

ಒಂದು ಸಲ ಗಬ್ಬವೆಂದು ಹೇಳಿದ ಮಾತ್ರಕ್ಕೆ ನೆಚ್ಚಿ ಕೂರಬಾರದು. ೩೦ನೆಯ ದಿವಸ ಇದ್ದ ಗಬ್ಬವು ೬೦ನೆಯ ದಿವಸದೊಳಗೆ ಕೆಲವು ಹಸುಗಳಲ್ಲಿ ಕಳೆದುಹೋಗುತ್ತದೆ. ಪ್ರಯೋಗಶಾಲೆಯ ಭ್ರೂಣಗಳಲ್ಲಿ ಈ ನಷ್ಟವು ಹೆಚ್ಚು. ಆದುದರಿಂದ ೬೦ ದಿವಸಗಳ ಸುಮಾರಿಗೆ ಎರಡನೆಯ ಪರೀಕ್ಷೆಯು ಅವಶ್ಯ. ಆ ಕಾಲದಲ್ಲಿ ಹೆಣ್ಣುಗರುವೋ ಹೋರಿಗರುವೋ ಎಂಬುದನ್ನೂ ನುರಿತವರು ಹೇಳಬಲ್ಲರು.

ಈ ಸಂದರ್ಭದಲ್ಲಿ ಗ್ರಾಮದ ಹಿರಿಯರು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತೊಂದುಂಟು. ಸ್ತ್ರೀಯರ ಗರ್ಭದಲ್ಲಿರುವ ಶಿಶುವಿನ ಲಿಂಗವನ್ನು ಪತ್ತೆಮಾಡಿ ತಿಳಿಸುವುದು ೧೯೯೪ನೆಯ ಇಸವಿಯ ಕಾಯಿದೆಯಂತೆ ದಂಡನೆಗೆ ಗುರಿಯಾದ ಅಪರಾಧ. ದನಗಳಿಗೆಂದು ಊರಿಗೆ ಬಂದ ಯಂತ್ರವನ್ನು ಯಾರಾದರೂ ಆ ಕೆಲಸಕ್ಕೆ ಬಳಸುವಂತೆ ಕೇಳಿದರೆ, ಅಥವಾ ಬಳಸಿದ ಸುದ್ದಿಯು ಕಿವಿಗೆ ಬಿದ್ದರೆ, ಕೂಡಲೆ ತಡೆದು ಅಧಿಕಾರಿಗಳಿಗೆ ತಿಳಿಸುವುದು ಮುಖಂಡರ ಕರ್ತವ್ಯ. ಕೊಟ್ಟಿಗೆಯಲ್ಲಿ ಹೆಣ್ಣುಗರುವನ್ನು ಹಾರೈಸುವ ಊರಿನಲ್ಲಿ ಮನೆಯ ಹೆಣ್ಣುಕೂಸಿಗೆ ಕೇಡಾಗಕೂಡದು.

ಯಂತ್ರದಿಂದಾಗದ ಕೆಲಸ

ಯಂತ್ರವು ತೋರಿಸಬಲ್ಲುದೇ ಹೊರತು ಪೋಷಿಸಲಾರದು. ಮೇವಿಲ್ಲದೆ ಬಡಕಲಾದ ಹಸುವಿನಲ್ಲಿ ಹಳದಿ ಗಂಟು ಇದ್ದರೂ ಗಬ್ಬವು ನಿಲ್ಲುವುದು ಕಷ್ಟ. ಬೇಸಗೆಯ ಬಿಸಿಲಿನಲ್ಲಿ ನೆರಳಿಲ್ಲದೆ ನಿಂತ ಹಸುವಿನಲ್ಲಿಯೂ ಹಾಗೆಯೇ. ಬೆದೆಯ ದಿವಸವನ್ನು ಗುರುತಿಸತಕ್ಕವನು ಮನೆಯ ಯಜಮಾನನೇ. ಅವನು ತಪ್ಪಿ ಹೇಳಿದರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ. ಹಸುವಿನ ಗಾತ್ರವನ್ನೂ ನೋಡತಕ್ಕದ್ದು. ಮಲೆನಾಡು ಗಿಡ್ಡದಂತಹ ಚಿಕ್ಕ ಹಸುವಿನಲ್ಲಿ ದೊಡ್ಡ ತಳಿಯ ಭ್ರೂಣವನ್ನು ಇಟ್ಟರೆ ಈಯುವ ಕಾಲದಲ್ಲಿ ತಾಯಿಗೂ ಕರುವಿಗೂ ಅಪಾಯ.

ಈ ವಿಧಾನವು ಎಲ್ಲರ ಕೊಟ್ಟಿಗೆಗೂ ಬೇಕಾದುದಲ್ಲ. ಸಾಧಾರಣವಾದ ಹಸುವಿನಿಂದ ಭ್ರೂಣವನ್ನು ಪಡೆದು ಇಷ್ಟು ವೆಚ್ಚಮಾಡುವುದರಲ್ಲಿ ಅರ್ಥವಿಲ್ಲ. ಅಲ್ಲಿಗೆ ಉತ್ತಮ ಹೋರಿಯ ವೀರ್ಯವೇ ಸಾಕು. ದಾಖಲೆಯುಳ್ಳ ಹೆಚ್ಚು ಹಾಲಿನ ಹಸುವಿದ್ದಲ್ಲಿ ಅಥವಾ ಸಂಖ್ಯೆಯಲ್ಲಿ ಕ್ಷೀಣಿಸಿರುವ ತಳಿಯನ್ನು ಉಳಿಸಬೇಕಾದಲ್ಲಿ ಇದು ಸಾರ್ಥಕ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಕರೆಯಲ್ಪಟ್ಟು, ಟಿಪ್ಪು ಸುಲ್ತಾನನಿಂದ ಹೊಸ ಹೆಸರನ್ನು ಪಡೆದ ಅಮೃತಮಹಲ್ ತಳಿಯೂ, ಉತ್ತರದ ಕೃಷ್ಣಾತೀರದ ತಳಿಯೂ ಇಂತಹ ಆಸರೆಗೆ ಅರ್ಹವಾದವುಗಳು. ಹೀಗೆ ಉಳಿಸಬೇಕಾದ ತಳಿಯ ಹಸುವನ್ನು ಪಡೆದವರು ಅದನ್ನು ಸಂತೆಗೆ ಹೊಡೆಯುವುದಕ್ಕೆ ಮುಂಚೆ ಪಶುವೈದ್ಯರಿಗೆ ಒಂದು ಮಾತು ತಿಳಿಸುವುದು ಲೇಸು.

ರೈತರು ನೆನಪಿನಲ್ಲಿಡಬೇಕಾದ ವಿಷಯಗಳು

೧. ಈದು ಎರಡು ತಿಂಗಳಾದರೂ ಕಳೆದಿರುವ, ಕ್ರಮವಾಗಿ ಬೆದೆಗೆ ಬರುವ, ಮಾಸು ಸಿಕ್ಕಿಕೊಂಡ ಅಥವಾ ಕೀವು ಸುರಿದ ತೊಂದರೆಯಿಲ್ಲದ ಹಸುವನ್ನು ಧಾರಕ ಹಸುವಾಗಿ ಆರಿಸತಕ್ಕದ್ದು. ಹಸುವು ಬಡಕಲಾಗಿರಬಾರದು, ಅತಿಯಾಗಿ ಕೊಬ್ಬಿರಲೂಬಾರದು.

೨. ಕಂದು ಹಾಕುವ ರೋಗ ಮತ್ತು ಕ್ಷಯರೋಗಗಳಿಲ್ಲವೆಂದು ಪರೀಕ್ಷೆ ಮಾಡಿಸತಕ್ಕದ್ದು.

೩. ಪ್ರತಿಯೊಂದು ಹಸುವಿನ ಬೆದೆಯ ದಿವಸ ಮತ್ತು ಹೊತ್ತನ್ನು, ಕಿವಿಯ ಬಿಲ್ಲೆಯ ೧೨ ಅಂಕಿಗಳ ಸಂಖ್ಯೆಯೊಡನೆ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಎಮ್ಮೆಗಳ ಬೆದೆಯು ಮಂದವಾಗಿರುವುದರಿಂದ ಬೆಳಗಿನ ಜಾವದಲ್ಲಿಯೂ ರಾತ್ರಿಯಲ್ಲಿಯೂ ನೋಡತಕ್ಕದ್ದು.

೪. ಬೆದೆಗೆ ತರುವ ಮದ್ದನ್ನು ಹಾಕಿಸುವುದಕ್ಕೆ ಮುಂಚೆ ಗಬ್ಬವಿಲ್ಲವೆಂಬುದನ್ನು ನಿಶ್ಚಯ ಮಾಡಿಸತಕ್ಕದ್ದು.

೫. ಭ್ರೂಣವನ್ನು ಇಡುವ ದಿವಸ, ಹಳದಿ ಗಂಟು ಯಾವ ಕಡೆಗಿದೆಯೆಂದು ವೈದ್ಯರನ್ನು ಕೇಳಿ ಅದನ್ನೂ ಬರೆದಿಡತಕ್ಕದ್ದು.

೬. ಊರಿನಲ್ಲಿ ಪರೀಕ್ಷೆಯನ್ನು ಏರ್ಪಡಿಸಿದಾಗ, ಹಸುವನ್ನು ಅಲುಗದಂತೆ ನಿಲ್ಲಿಸುವ ಗಟ್ಟಿಯಾದ ಕಟಕಟೆ, ಪರದೆಯು ಸ್ಪಷ್ಟವಾಗಿ ಕಾಣುವಂತೆ ನೆರಳು, ಶುದ್ಧವಾದ ನೀರು, ಇವುಗಳನ್ನು ಮುಖಂಡರು ಒದಗಿಸತಕ್ಕದ್ದು. ಹಸುವನ್ನು ಹೊಡೆದು ಓಡಿಸಿಕೊಂಡು ಬರಕೂಡದು.

೭. ಭ್ರೂಣವನ್ನು ಇಟ್ಟ ಮೇಲೆ ಎರಡು ತಿಂಗಳವರೆಗಾದರೂ ಹಸುವನ್ನು ದೂರದ ಪ್ರಯಾಣಕ್ಕೂ ಬಿಸಿಲಿಗೂ ಒಡ್ಡದೆ, ಮೇವನ್ನು ಹಠಾತ್ತಾಗಿ ಬದಲಾಯಿಸದೆ ನೋಡಿಕೊಳ್ಳತಕ್ಕದ್ದು.

೮. ಬೆದೆಯಿಂದ ಲೆಕ್ಕಹಾಕಿ ೩೦ನೆಯ ದಿವಸ ಒಂದು ಸಲವೂ, ೬೦ನೆಯ ದಿವಸ ಒಂದು ಸಲವೂ ಪರೀಕ್ಷೆ ಮಾಡಿಸತಕ್ಕದ್ದು. ಹಸುವು ಸುಮಾರು ೨೮೦ ದಿವಸಗಳಿಗೂ, ಎಮ್ಮೆಯು ಸುಮಾರು ೩೧೦ ದಿವಸಗಳಿಗೂ ಈಯುತ್ತದೆ. ಆ ದಿವಸವನ್ನೂ ಮೊದಲೇ ಗುರುತುಮಾಡಿಟ್ಟುಕೊಳ್ಳತಕ್ಕದ್ದು.

ಮೇಲ್ಕಂಡ ವಿಷಯಗಳಲ್ಲ‍ಿ ಸಂದೇಹವಿರುವವರು ತಮ್ಮ ಸಮೀಪದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಯಂತ್ರವಿರುವ ಆಸ್ಪತ್ರೆಯು ಎಲ್ಲಿದೆಯೆಂಬುದನ್ನೂ, ಭ್ರೂಣಗಳು ಯಾವ ಯೋಜನೆಯಲ್ಲಿ ದೊರೆಯುವುವೆಂಬುದನ್ನೂ ಅಲ್ಲಿಯ ವೈದ್ಯರು ತಿಳಿಸುವರು. ಹೋಗುವಾಗ ಹಸುವಿನ ಬೆದೆಯ ದಿವಸಗಳನ್ನು ಬರೆದ ಪುಸ್ತಕವನ್ನು ತಪ್ಪದೆ ಕೊಂಡೊಯ್ಯಬೇಕು.